ಗಂಟೆ ಹೊಡೆದಾಗ ಕೈಕಟ್ಟಿದವನು

೧೯೧೨ರ ಮಾರ್ಚ್ ಹನ್ನೊಂದರ ಸೋಮವಾರ ಬೆಳಿಗ್ಗೆ, ಒಹಾಯೊದ ಲಾರ್ಚ್‌ಫೀಲ್ಡ್ ಠಾಣೆಗೆ ರೈತ ಕ್ರಮ್ ಕೆಸರು ಬೂಟಿನಲ್ಲೇ ನುಗ್ಗಿ ದೂರು ಕೊಟ್ಟ. ಸುಧಾರಣಾಲಯದಿಂದ ಪೆರೋಲಿನ ಮೇಲೆ ಅವನ ಹೊಲಕ್ಕೆ ಬಂದಿದ್ದ ಲೂಥರ್ ಸ್ಪೇಗಲ್ ಪರಾರಿಯಾಗಿದ್ದ.

"ಏನಾದ್ರೂ ಕದ್ದನಾ?" ಇನ್‌ಸ್ಪೆಕ್ಟರ್ ಗ್ರೀವ್ ಕೇಳಿದ.

"ಒಂದು ಡಬ್ಬಿ ಹೆಬ್ಬಾತಿನ ಕೊಬ್ಬು."

"ಎದೆಗೆ ತಿಕ್ಕೋದಾ? ಅವನಿಗೆ ಕೆಮ್ಮಿತ್ತಾ?"

"ಅವನಿಗಾ? ಎತ್ತಿನ ಹಾಗಿದ್ದ, ಸಾಹೇಬ್ರೆ. ಬಿತ್ತನೆ ಹೊತ್ತಿಗೇ ಕೈಕೊಟ್ಟ ನೋಡಿ!"

ಹಾಗಾದರೆ ಕೆಮ್ಮು ಇನ್ಯಾರದೋ. ಗ್ರೀವ್ ಸುಧಾರಣಾಲಯಕ್ಕೆ ತಂತಿ ಕಳಿಸಿದ. ಲೂಥರನ ತಮ್ಮ ಇರ್ವಿನ್ ಕೂಡ ಅಲ್ಲಿಯ ಕೈದಿಯೇ. ಎರಕದ ಮನೆಯಲ್ಲಿ ದುಡಿದು ಕ್ಷಯ ಹತ್ತಿಸಿಕೊಂಡಿದ್ದ, ಈಗ ಪೆರೋಲಿನ ಮೇಲೆ ಪಕ್ಕದ ಕೌಂಟಿಯ ಇಟ್ಟಿಗೆ ಭಟ್ಟಿಯಲ್ಲಿದ್ದ ಎಂದು ಉತ್ತರ ಬಂತು. ಪೆರೋಲಿನವರು ಕೌಂಟಿ ದಾಟುವಂತಿಲ್ಲ, ಇನ್ನೊಬ್ಬ ಕೈದಿಯ ಸಹವಾಸ ಮಾಡುವಂತಿಲ್ಲ. ಅಣ್ಣತಮ್ಮಂದಿರಿಗೆ ವಿನಾಯಿತಿ ಬರೆಯುವುದು ಯಾವ ಪುಣ್ಯಾತ್ಮನಿಗೂ ಹೊಳೆದಿರಲಿಲ್ಲ.

ಬುಧವಾರ ಗ್ರೀವ್, ಕಾನ್‌ಸ್ಟೇಬಲ್ ಡಗನ್ ಭಟ್ಟಿಗೆ ಹೋದರು. ಸುಧಾರಣಾಲಯದವರು ಕಳಿಸಿದ್ದ ಫೋಟೋದಲ್ಲಿ ಲೂಥರನ ತಲೆ, ಮುಖ ಎರಡೂ ಬೋಳು. ಇಲ್ಲಿ ಎಲ್ಲರಿಗೂ ಗಡ್ಡ, ಎಲ್ಲರ ಮುಖಕ್ಕೂ ಕೆಂಪು ಧೂಳು.

"ಲೂಥರ್ ಸ್ಪೇಗಲ್ ಯಾರಯ್ಯಾ?" ಡಗನ್ ಗದರಿದ.

"ನಮ್ಮಲ್ಲಿ ಇಟ್ಟಿಗೆ ಸಿಗುತ್ತೆ, ಅವನು ಸಿಗಲ್ಲ," ಎಂದ ಒಬ್ಬ. ಉಳಿದವರು ನಕ್ಕರು.

"ಒಬ್ಬೊಬ್ಬರಿಗೂ ನಾಲ್ಕು ಬಿಗಿದ್ರೆ ಬಾಯಿ ಬಿಡ್ತಾರೆ, ಸಾರ್."

"ಸುಮ್ನಿರು. ಊಟದ ಗಂಟೆ ಹೊಡೀಲಿ."

ಗಂಟೆ ಹೊಡೆಯಿತು. ಎಲ್ಲರೂ ಬುತ್ತಿಯ ಕಡೆ ಓಡಿದರು. ಒಬ್ಬ ಮಾತ್ರ ಸಲಿಕೆ ಇಳಿಸಿ, ಗೋಡೆಗೆ ಮುಖ ಮಾಡಿ, ಎದೆಯ ಮೇಲೆ ಕೈಕಟ್ಟಿ ನಿಂತ. ಸುಧಾರಣಾಲಯದಲ್ಲಿ ಗಂಟೆಯಾದರೆ ತಲೆ ಎಣಿಸುವ ತನಕ ಹಾಗೇ ನಿಲ್ಲಬೇಕು. ತಪ್ಪು ಗೊತ್ತಾಗಿ ಅವನು ಕೈ ಬಿಡಿಸುವಷ್ಟರಲ್ಲಿ ಬೇಡಿ ಬಿದ್ದಿತ್ತು.

"ಇನ್ನೊಂದು ತಿಂಗಳಿದ್ದಿದ್ರೆ ನಿಂಗೆ ಪೂರ್ತಿ ಬಿಡುಗಡೆ ಆಗ್ತಿತ್ತಲ್ಲೋ, ಲೂಥರ್!" ಎಂದ ಗ್ರೀವ್.

"ನನ್ನ ತಮ್ಮನಿಗೆ ಒಂದು ತಿಂಗಳಿಲ್ಲ, ಸಾಹೇಬ್ರೆ. ಏಳೋಕಾಗಲ್ಲ. ಕೆಲಸ ತಪ್ಪಿದ್ರೆ ವಾಪಸ್ ಒಳಗೆ ಹಾಕ್ತಾರಲ್ಲ? ಅದಕ್ಕೆ ಅವನ ಪಾಳಿ ನಾನು ಮಾಡ್ತಿದ್ದೆ."

ಭಟ್ಟಿಯ ಅಟ್ಟದ ಮೇಲೆ ಇರ್ವಿನ್ ಮಲಗಿದ್ದ. ಪಕ್ಕದಲ್ಲಿ ಕೊಬ್ಬಿನ ಡಬ್ಬಿ ಮುಕ್ಕಾಲು ಖಾಲಿಯಾಗಿತ್ತು.

"ನನ್ನ ಕರ್ಕೊಂಡು ಹೋಗಿ. ಅವನನ್ನ ಇಲ್ಲೇ ಬಿಡಿ," ಎಂದ ಲೂಥರ್.

ಬಿಡಬೇಕೆಂದು ಗ್ರೀವ್‌ಗೂ ಅನ್ನಿಸಿತು. ಆದರೆ ಲೂಥರ್ ಯಾರ ಸಹವಾಸ ಮಾಡಿದ ಎಂದು ವರದಿಯಲ್ಲಿ ಬರೆಯಬೇಕು. ಬರೆದರೆ ಇರ್ವಿನ್ ಕೂಡ ತಪ್ಪಿತಸ್ಥನೇ. ಇಬ್ಬರನ್ನೂ ಬಂಧಿಸಿದ.

"ಒಂದೇ ಕೋಣೆಗೆ ಹಾಕಿಸ್ತೀರಾ?" ಲೂಥರ್ ಕೇಳಿದ.

"ಹೇಳಿ ನೋಡ್ತೀನಿ," ಎಂದ ಗ್ರೀವ್. ಸುಧಾರಣಾಲಯ ಒಪ್ಪುವುದಿಲ್ಲವೆಂದು ಅವನಿಗೆ ಗೊತ್ತಿತ್ತು.

ಇಬ್ಬರನ್ನೂ ಸುಧಾರಣಾಲಯಕ್ಕೆ ತಲುಪಿಸಿ, ಅಲ್ಲಿ ಮರಳಿ ಬಂದವರ ದಾಖಲೆಯಲ್ಲಿ ಇಬ್ಬರ ಹೆಸರಿನ ಮುಂದೆಯೂ ಅವನು ಒಂದೇ ಕಾರಣ ಬರೆದ: ಕೈದಿಯ ಸಹವಾಸ. ಶಾಯಿ ಆರುವ ಮೊದಲೇ ಸಂಜೆಯ ಗಂಟೆ ಹೊಡೆಯಿತು. ಲೂಥರ್ ಗೋಡೆಯ ಕಡೆ ತಿರುಗಿದ. ಸ್ಟ್ರೆಚರಿನ ಮೇಲೆ ಮಲಗಿದ್ದ ಇರ್ವಿನ್ ಕಣ್ಣು ಮುಚ್ಚಿಕೊಂಡೇ ಎರಡೂ ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡ. ಕಾವಲುಗಾರ ಇಬ್ಬರನ್ನೂ ಎಣಿಸಿಕೊಂಡ.