ಜಾಗ ಬದಲಿಸುವ ಚುಕ್ಕೆ

"ನಾನೇನೂ ಚೆಲ್ಲಿಲ್ಲ ಅಕ್ಕಾ, ನನ್ನ ಕಣ್ಣಾಣೆ!" ಎನ್ನುತ್ತಾ ನರ್ಸು ಒಳಗೆ ನುಗ್ಗಿದಾಗ ಚೀಟಿಯಣ್ಣ ಊಟದ ಡಬ್ಬಿ ಮುಚ್ಚಿ ಕೈ ಒರೆಸಿಕೊಂಡ. ಆಸ್ಪತ್ರೆಯ ನೆಲಮಾಳಿಗೆಯಲ್ಲಿದ್ದ ಸ್ಕ್ಯಾನ್ ವಿಭಾಗದಲ್ಲಿ ರೋಗಿಗಳಿಗೆ ಚೀಟಿ ಬರೆದುಕೊಡುವುದು ಅವನ ಕೆಲಸ. ಹೆಂಡತಿ ತೀರಿಹೋದ ಮೇಲೆ ಮಧ್ಯಾಹ್ನದ ಊಟಕ್ಕೆ ಅಕ್ಕನ ಕೋಣೆಗೆ ಬರುವುದೊಂದೇ ಅವನ ಒಡನಾಟ.

ಅಕ್ಕನೆಂದರೆ ಕ್ಯಾಮೆರಾ ಕೊಡುವ ಅಂಕಿಗಳನ್ನು ಲೆಕ್ಕ ಹಾಕಿ ದೇಹದೊಳಗಿನ ಚಿತ್ರ ಕಟ್ಟುವ ತಜ್ಞೆ. ಒಂಟಿ ಹೆಂಗಸು, ಮಾತು ಕಡಿಮೆ. ಅಲ್ಲಿ ಏನು ಕಳೆದರೂ, ಯಾರ ಮೇಲೆ ತಪ್ಪು ಬಂದರೂ ಎಲ್ಲರೂ ಓಡಿಬರುತ್ತಿದ್ದುದು ಅವಳ ಹತ್ತಿರಕ್ಕೇ.

"ಅಳೋದು ಆಮೇಲೆ. ಮೊದಲು ವಿಷಯ ಹೇಳು," ಎಂದಳು ಅಕ್ಕ.

ಕೊಂಚ ವಿಕಿರಣವಿರುವ ಔಷಧವನ್ನು ಚುಚ್ಚಿ, ಅದು ಮೂಳೆ ಸೇರಿದ ಮೇಲೆ ಚಿತ್ರ ತೆಗೆಯುವುದು ಅಲ್ಲಿನ ಪದ್ಧತಿ; ಔಷಧ ಹೆಚ್ಚು ಸೇರಿದ ಕಡೆ ಕಪ್ಪು ಚುಕ್ಕೆ ಮೂಡುತ್ತದೆ. ಬಟ್ಟೆ ಹೊಲಿದು ಬದುಕುವ ದರ್ಜಿಯಮ್ಮನೆಂಬ ರೋಗಿಗೆ ಹಿಂದೆ ಎದೆಯ ಗಡ್ಡೆ ತೆಗೆದಿದ್ದರಿಂದ, ರೋಗ ಮೂಳೆಗೆ ಇಳಿದಿದೆಯೇ ಎಂದು ನೋಡಬೇಕಿತ್ತು. ಮೊದಲ ಸಲ ಬಲ ಸೊಂಟದಲ್ಲಿ ಕಪ್ಪು ಚುಕ್ಕೆ ಕಂಡಿತು. ಮತ್ತೆ ಕರೆಸಿದರೆ ಬಲಗಡೆ ಏನೂ ಇಲ್ಲ, ಎಡಗಡೆ ಚುಕ್ಕೆ! ಈ ಬೆಳಿಗ್ಗೆ ಮೂರನೆಯ ಸಲ ನೋಡಿದರೆ ಅದು ಪುನಃ ಬಲಕ್ಕೆ ಬಂದು ಕೂತಿತ್ತು. ರೋಗ ಹೀಗೆ ಮನೆ ಬದಲಿಸುವುದಿಲ್ಲ, ನರ್ಸೇ ಔಷಧ ಚೆಲ್ಲುತ್ತಿದ್ದಾಳೆ ಎಂದು ದೊಡ್ಡ ಡಾಕ್ಟರು ಕೂಗಾಡಿ, ನಾಳೆಯಿಂದ ಕೆಲಸಕ್ಕೆ ಬರಬೇಡ ಎಂದಿದ್ದರು.

"ಆಯಮ್ಮ ಮನೆಗೆ ಹೋದ್ರಾ?"

"ಎಲ್ಲಿ ಹೋಗ್ತಾರೆ! ಬೆಂಚಲ್ಲೇ ಇದ್ದಾರೆ," ಎಂದ ಚೀಟಿಯಣ್ಣ. "ಪಕ್ಕದವರಿಗೆಲ್ಲ ತೋಳಿನ ಅಳತೆ ಹೇಳ್ತಿದ್ದಾರೆ. ಉದ್ದನೆ ಅಂಗಿಯ ಒಂದು ಜೇಬಲ್ಲಿ ಕನ್ನಡಕ, ಇನ್ನೊಂದರಲ್ಲಿ ಟೇಪು. ತಾನೇ ಹೊಲ್ಕೊಂಡಿದ್ದಂತೆ. ನನ್ನ ಅಂಗಿಯ ಕಾಲರ್ ನೋಡಿ ಛೀ ಅಂದ್ರು."

ಅಕ್ಕ ನರ್ಸಿನ ಕಡೆ ತಿರುಗಿದಳು. "ಚುಚ್ಚಿದ ಮೇಲೆ ಒತ್ತೋ ಹತ್ತೀನ ಯಾರು ಎಸೀತಾರೆ?"

"ಅವರೇ ಅಕ್ಕಾ. ಒತ್ಕೊಂಡು ಹೋಗ್ತಾ ಬಾಗಿಲ ಹತ್ರ ಸೀಸದ ಡಬ್ಬಿಗೆ ಹಾಕ್ತಾರೆ. ಅಷ್ಟೊತ್ತಿಗೆ ನಾನು ಮುಂದಿನ ಸಿರಿಂಜು ಹಿಡಿದಿರ್ತೀನಿ."

ಮುಕ್ಕಾಲು ಗಂಟೆ ಅಕ್ಕ ಪರದೆಯಿಂದ ಕಣ್ಣು ಕೀಳಲಿಲ್ಲ. ಆಮೇಲೆ, "ಎಲ್ಲರನ್ನೂ ಕರಿ. ಆಯಮ್ಮನ್ನೂ," ಎಂದಳು. ಗೆದ್ದವಳ ದನಿ ಅದಾಗಿರಲಿಲ್ಲ.

ಎಲ್ಲರೂ ಬಂದು ಕೂತರು. ಡಾಕ್ಟರು ಮಾತ್ರ ನಿಂತೇ ಇದ್ದರು.

"ಎದುರಿನಿಂದ ತೆಗೆದ ಚಿತ್ರ ನೆರಳಿದ್ದ ಹಾಗೆ ಸರ್," ಎಂದು ಅಕ್ಕ ಶುರುಮಾಡಿದಳು. "ಚುಕ್ಕೆ ಮೂಳೆಯ ಒಳಗಿದ್ರೂ ಮುಂದಿದ್ರೂ ಒಂದೇ ಥರ ಕಾಣುತ್ತೆ. ಇವತ್ತು ಮಾತ್ರ ಕ್ಯಾಮೆರಾ ಮೈ ಸುತ್ತ ತಿರುಗಿದೆ."

"ಆ ಅಡ್ಡಸೀಳಿನ ಚಿತ್ರಾನೂ ನೋಡಿದ್ದೀನಿ. ಚುಕ್ಕೆ ಅಂಚಲ್ಲಿದೆ, ಆದ್ರೆ ಒಳಗೇ ಇದೆ."

"ಒಳಗೆ ತುರುಕಿದ್ದು ಯಂತ್ರ. ಅದು ಮೈಗೆ ಒಂದು ಅಂದಾಜು ಗೆರೆ ಎಳೆದು, ಸಿಕ್ಕಿದ್ದೆಲ್ಲ ಗೆರೆಯೊಳಗಿನದೇ ಅಂದ್ಕೊಂಡು ಲೆಕ್ಕ ಮಾಡುತ್ತೆ. ನಾನು ಗೆರೆ ಅಳಿಸಿ ಮೂಲ ಅಂಕಿಗಳಿಂದ ಹೊಸದಾಗಿ ಚಿತ್ರ ಕಟ್ಟಿದೆ. ಕ್ಯಾಮೆರಾ ತಿರುಗುವಾಗ ನಡುವೆ ಇರೋ ಚುಕ್ಕೆ ಅತ್ತಿತ್ತ ಸ್ವಲ್ಪ ಸರಿಯುತ್ತೆ, ಹೊರಗಿನದು ಜಾಸ್ತಿ ಸರಿಯುತ್ತೆ. ಇದು ಸೊಂಟದ ಅಗಲ ದಾಟಿ ಸರಿದಿದೆ. ಚರ್ಮದಿಂದ ಎರಡು ಬೆರಳು ಆಚೆ ಇದೆ."

"ಅದನ್ನೇ ನಾನು ಹೇಳಿದ್ದು! ಮಂಚದ ಮೇಲೆ ಚೆಲ್ಲಿದ್ದಾಳೆ!"

"ಮಂಚ ಬೆನ್ನ ಕೆಳಗಿದೆ ಸರ್. ಚುಕ್ಕೆ ಅದಕ್ಕಿಂತ ಗೇಣು ಮೇಲಿದೆ. ಬಟ್ಟೆಗೆ ಬಿದ್ದಿದ್ರೆ ಹರಡಿರ್ತಿತ್ತು. ಇದು ಕಡಲೆಕಾಳಷ್ಟು ಗಂಟು. ಎಡಕ್ಕೆ ಬರಲಿ ಬಲಕ್ಕೆ ಬರಲಿ, ಮೂರು ಸಲವೂ ತೊಡೆಯಿಂದ ಅಷ್ಟೇ ಮೇಲಕ್ಕಿದೆ. ಜೇಬಿನ ತಳ ಬರೋ ಜಾಗ ಅದು."

ದರ್ಜಿಯಮ್ಮ ನಿಧಾನವಾಗಿ ಬಲ ಜೇಬಿಗೆ ಕೈ ಹಾಕಿ, ಚುಚ್ಚಿದ ಜಾಗದಲ್ಲಿ ಜಿನುಗಿದ ಔಷಧ ಹೀರಿದ್ದ ಹತ್ತಿಯ ಉಂಡೆಯೊಂದನ್ನು ತೆಗೆದು ಮೇಜಿನ ಮೇಲಿಟ್ಟಳು. ಅಕ್ಕ ಅದರ ಹತ್ತಿರ ವಿಕಿರಣದ ಮೀಟರು ಹಿಡಿದದ್ದೇ ತಡ, ಅದು ಒಂದೇ ಸಮನೆ ಚಟಪಟಗುಟ್ಟಿತು.

"ಮೊದಲ್ನೇ ಸಲ ಮರೆತು ಇಟ್ಕೊಂಡಿದ್ದು, ದೇವರಾಣೆ," ಎಂದಳು ದರ್ಜಿಯಮ್ಮ. "ನನಗೆ ಫೋನ್ ಮಾಡೋರು ಯಾರೂ ಇಲ್ಲ. ಮರುದಿನ ಇಲ್ಲಿಂದ ಮೂರು ಸಲ ಬಂತು. ಈ ನರ್ಸ್ ಮಗು ಊಟ ಮಾಡಿದ್ರಾ ಅಂತ ಬೇರೆ ಕೇಳ್ತು. ಬಟ್ಟೆ ಒಗೆಯೋವಾಗ ಹತ್ತಿ ಸಿಕ್ತು, ಚುಕ್ಕೆ ಯಾಕೆ ಬಂತು ಅಂತ ಆಗ ಹೊಳೀತು. ಬಾಯಿಬಿಟ್ಟಿದ್ರೆ ನೀವು ಕರೀತಾನೇ ಇರ್ಲಿಲ್ಲ. ಆಮೇಲೆ ಎರಡು ಸಲ ಬೇಕಂತಲೇ, ಕೈಗೆ ಸಿಕ್ಕ ಜೇಬಿಗೆ ಹಾಕ್ಕೊಂಡೆ."

"ನನ್ನ ಅನ್ನಕ್ಕೇ ಕಲ್ಲು ಹಾಕ್ತಿದ್ರಲ್ಲಮ್ಮಾ!" ನರ್ಸಿನ ದನಿ ಕೀರಲಾಯಿತು. "ಒಂದು ಫೋನ್ ಮಾಡು ಅಂದಿದ್ರೆ ಮಾಡ್ತಿದ್ದೆ!"

"ಸುಮ್‌ಸುಮ್ನೆ ಫೋನ್ ಮಾಡು ಅಂತ ಯಾರಿಗೆ ಹೇಳೋದು ಮಗಾ?"

ಡಾಕ್ಟರು, "ನಾಳೆ ಹೊತ್ತಿಗೆ ಸರಿಯಾಗಿ ಬಾ. ನಾನು ದುಡುಕಿದೆ," ಎಂದು ನರ್ಸಿಗೆ ಹೇಳಿದರು. ಆಮೇಲೆ ದರ್ಜಿಯಮ್ಮನ ಕಡೆ ನೋಡಿ, "ನಿಮ್ಮ ಮೂಳೆ ಗಟ್ಟಿಮುಟ್ಟಾಗಿದೆ. ರೋಗ ಇಲ್ಲ. ಇನ್ನೊಂದು ವರ್ಷ ಈ ಕಡೆ ಬರೋದೇ ಬೇಡ," ಎಂದರು.

ಆ ಮಾತು ಕೇಳಿ ಕೈಮುಗಿದು ಅತ್ತವರನ್ನು ಚೀಟಿಯಣ್ಣ ಎಷ್ಟೋ ಕಂಡಿದ್ದ. ಈ ಹೆಂಗಸಿನ ಮುಖ ಮಾತ್ರ ಬಾಡಿತು. "ಒಂದು ವರ್ಷಾನಾ?" ಎಂದಳು. ಉತ್ತರಕ್ಕೆಂದು ಅವನು ಅಕ್ಕನ ಕಡೆ ನೋಡಿದ. ಅಕ್ಕ ಬೆನ್ನು ತಿರುಗಿಸಿ ಕೈ ತೊಳೆಯುತ್ತಿದ್ದಳು.

ದರ್ಜಿಯಮ್ಮ ಮೆಟ್ಟಿಲಿನ ಕಡೆ ಹೊರಟಳು. ನರ್ಸು ಚೀಲ ಹೆಗಲಿಗೇರಿಸಿ, ಅವಳನ್ನು ದಾಟಿಕೊಂಡು ದಡದಡ ನಾಲ್ಕು ಮೆಟ್ಟಿಲು ಹತ್ತಿದವಳು ಅಲ್ಲೇ ನಿಂತಳು.

"ನನ್ನ ಸಿಟ್ಟು ಇನ್ನೂ ಇಳಿದಿಲ್ಲ," ಎಂದಳು, ತಿರುಗಿ ನೋಡದೆ. "ಮಾತಾಡಿಸ್ಬೇಡಿ. ಬಸ್ ಸ್ಟಾಪಿನ ತನಕ ಜೊತೆಗೆ ಬನ್ನಿ, ಅಷ್ಟೇ."