ಏಳು ಹೆಜ್ಜೆಗೆ ಎಂಥ ಗುಂಡು?

ನಮ್ಮ ಬೀದಿಯ ದೊಡ್ಡಣ್ಣನವರ ಮಂಚದಿಂದ ಮುಂಬಾಗಿಲಿಗೆ ಏಳು ಹೆಜ್ಜೆ. ಇಡೀ ಚಾಂದ್‌ಖೇಡಾ ಬಡಾವಣೆಯ ಭದ್ರತೆಯ ದೃಷ್ಟಿಯಿಂದ ಇದು ಅತ್ಯಂತ ಮಹತ್ವದ ಅಂಕಿ. ಕಳ್ಳ ಬಂದರೆ ಮಂಚದಿಂದಲೇ ಗುಂಡು ಹಾರಿಸಬೇಕೆಂದು ಅವರೇ ಮೂರು ಸಲ ನಡೆದು ಖಚಿತಪಡಿಸಿಕೊಂಡಿದ್ದರು. ಭಾನುವಾರ ಬೆಳಿಗ್ಗೆ ಅವರ ಕಪಾಟಿನಿಂದ ಐದು ರೈಫಲ್ ಗುಂಡುಗಳು ಕಾಣೆಯಾಗಿದ್ದವು.

ನನ್ನ ಹೆಂಡತಿ ಕಾಮಾಕ್ಷಿ ವಿಮಾ ಕಂಪನಿಯಲ್ಲಿ ಸುಳ್ಳು ಕ್ಲೇಮು ಹಿಡಿದು ಹಿಡಿದೇ ನಿವೃತ್ತಳಾದವಳು. ಅವಳಿಗೆ ಕರೆ ಬಂತು. ಹಿಂದೆ ನಾನೂ ಹೋದೆ.

ದೊಡ್ಡಣ್ಣ ಆಗಲೇ ಪೊಲೀಸರಿಗೆ ದೂರು ಬರೆಯುತ್ತಿದ್ದರು. "ಪಕ್ಕದ್ಮನೆ ಮನೋಜನೇ! 'ಮನೇಲಿ ಬಂದೂಕು ಯಾಕೆ ಅಂಕಲ್' ಅಂತ ನಿನ್ನೆ ಜಗಳಕ್ಕೆ ಬಂದಿದ್ದ."

ಮನೋಜ್ ಬಾಗಿಲಲ್ಲೇ ನಿಂತಿದ್ದ. "ನಾನಿನ್ನೂ ಪ್ರೊಬೇಷನ್‌ನಲ್ಲಿದ್ದೀನಿ ಅಂಕಲ್. ಕೇಸಾದರೆ ನೌಕರಿ ಹೋಗುತ್ತೆ," ಎಂದು ಹಿಂದಿಯಲ್ಲಿ ಬೇಡಿಕೊಂಡ.

"ಬೀಗ ಒಡೆದಿತ್ತಾ?" ಕಾಮಾಕ್ಷಿ ಕೇಳಿದಳು.

"ಇಲ್ಲ. ಕೀಲಿ ದೇವರ ಫೋಟೋ ಹಿಂದಿರುತ್ತೆ. ಇವನೂ ನೋಡಿದ್ದಾನೆ."

"ಹೋದದ್ದು ಎಂಥ ಗುಂಡು?"

"ತಾಮ್ರ ಪೂರ್ತಿ ಹೊದ್ದದ್ದು. ಇನ್ನೂರು ಗಜಕ್ಕೂ ಜಗ್ಗಲ್ಲ! ಮೂತೀಲಿ ಸೀಸ ಕಾಣೋ ಐದು ಅಲ್ಲೇ ಇವೆ. ಅವು ಮೆತ್ತಗೆ — ತಾಗಿದ ತಕ್ಷಣ ಅರಳಿ ಅಲ್ಲೇ ನಿಲ್ಲುತ್ತವೆ."

"ಏಳು ಹೆಜ್ಜೆಗೆ ಇನ್ನೂರು ಗಜದ್ದು ಯಾಕೆ ದೊಡ್ಡಣ್ಣನವರೇ? ಕಳ್ಳ ಪಕ್ಕದೂರು ಗಾಂಧಿನಗರದಿಂದಲೇ ಕಾಣಿಸ್ತಾನಾ?"

"ದಿನಾ ಊಟಕ್ಕೆ ಕೂತಾಗ ನನಗೂ ಇದೇ ಪಾಠ," ಎಂದರು ಅವರ ಹೆಂಡತಿ ಶಾಂತಾ, ಕಾಫಿ ಇಡುತ್ತ.

ಗೋಡೆಯಾಚೆ ಕೀಂಯ್, ಕೀಂಯ್ ಎಂದು ಸದ್ದಾಯಿತು.

"ಅದೇನು?" ಕಾಮಾಕ್ಷಿ ಕೇಳಿದಳು.

"ಮನೋಜನ ಮಗುವಿನ ತೊಟ್ಟಿಲು," ಎಲ್ಲರಿಗಿಂತ ಮೊದಲು ಶಾಂತಾ ಹೇಳಿದರು. "ಮಲಗೋ ಹೊತ್ತು."

ಕಾಮಾಕ್ಷಿ ಮಂಚದ ಬಳಿ ನಿಂತು ಬಾಗಿಲಿಗೆ ಬೆರಳು ಗುರಿಯಿಟ್ಟಳು. ಅರ್ಧ ಅಡಿ ಸರಿಸಿದಳು. ಬೆರಳು ತೊಟ್ಟಿಲಿನ ಸದ್ದು ಬರುತ್ತಿದ್ದ ಗೋಡೆಗೇ ಬಂತು.

"ಹೆದರಿದ ಮನೋಜ್ ಕದ್ದಿದ್ದರೆ ಹತ್ತನ್ನೂ ಒಯ್ತಿದ್ದ. ಯಾವುದು ಗೋಡೆ ದಾಟುತ್ತೆ ಅಂತ ಆರಿಸೋಕೆ ಪಾಠ ಕೇಳಿರಬೇಕು. ತೊಟ್ಟಿಲು ಎಲ್ಲಿದೆ ಅಂತಲೂ ಗೊತ್ತಿರಬೇಕು. ಆದರೆ ಕಳ್ಳರ ಭಯವೂ ಉಂಟು. ಅದಕ್ಕೇ ಐದು ಬಿಟ್ಟದ್ದು. ಅಲ್ವಾ ಶಾಂತಮ್ಮಾ?"

ಶಾಂತಾ ಒಳಗಿನಿಂದ ರಾಗಿ ಹಿಟ್ಟಿನ ಡಬ್ಬಿ ತಂದು ಗಂಡನ ಮುಂದೆ ಕುಕ್ಕಿದರು. ಐದೂ ಗುಂಡು ಹಿಟ್ಟಿನೊಳಗಿದ್ದವು. "ನಿಮ್ಮ ಗುರಿ ನನಗೆ ಗೊತ್ತಿಲ್ವಾ? ಒಂದು ಮೊಳೆ ಹೊಡೆಯೋಕೆ ಹೋಗಿ ಮೂರು ಬೆರಳು ಜಜ್ಜಿಕೊಂಡೋರು!"

"ಗುರಿ ತಪ್ಪಿದರೆ ಮೆತ್ತನೇದೂ ಈ ನಾಲ್ಕಿಂಚಿನ ಗೋಡೆ ದಾಟುತ್ತೆ ಶಾಂತಮ್ಮಾ," ಎಂದಳು ಕಾಮಾಕ್ಷಿ.

ತೊಟ್ಟಿಲು ಇನ್ನೂ ಕಿರುಗುಟ್ಟುತ್ತಿತ್ತು. ದೊಡ್ಡಣ್ಣ ಎದ್ದು ಗೋಡೆಯನ್ನು ಬೆರಳಿನಿಂದ ತಟ್ಟಿ ನೋಡಿದರು. ಆಮೇಲೆ ದೂರನ್ನು ಹರಿದರು.

ಸೋಮವಾರ ರೈಫಲ್ಲು, ಹತ್ತೂ ಗುಂಡು ಬಂದೂಕಿನ ಅಂಗಡಿಯಲ್ಲಿ ಠೇವಣಿಯಾದವು. ಮುಂಬಾಗಿಲಿಗೆ ಎರಡನೆಯ ಚಿಲಕ ಬಂತು. ಮನೋಜನ ನೌಕರಿ ಉಳಿಯಿತು.