ಕೆಂಪು ಬಾವುಟದ ಕಾವಲು

ಒಂದಾನೊಂದು ಬೀದಿಯ ತಿರುವಿನಲ್ಲಿ ಒಂದು ಗುಂಡಿ ವಾಸವಾಗಿತ್ತು. ಅದಕ್ಕೋ ಬಕಾಸುರನ ಹೊಟ್ಟೆ. ಸೈಕಲ್ ಚಕ್ರ ನುಂಗಿತು, ಹಾಲಿನವನ ಕ್ಯಾನು ನುಂಗಿತು, ಎದುರುಮನೆ ಅಜ್ಜಿಯ ಚಪ್ಪಲಿಯನ್ನೂ ಬಿಡಲಿಲ್ಲ.

ಅದೇ ಬೀದಿಯಲ್ಲಿ ಆ ಗುಂಡಿಯ ವೈರಿಯೊಬ್ಬರಿದ್ದರು. ಅವರೇ ಚಿನಕುರಳಿಯ ತಾತ. ಬಾಯಿ ಬಿಟ್ಟರೆ ಪಟಪಟ ಸಿಡಿಯುವ ಮೊಮ್ಮಗಳಿಗೆ ಆ ಹೆಸರಿಟ್ಟವರೂ ಅವರೇ.

ತಾತ ಮೊದಲು ಸೈನ್ಯದಲ್ಲಿದ್ದರು. ಆಮೇಲೆ ಊರಿನ ರಸ್ತೆ ರಿಪೇರಿ ಕೆಲಸಕ್ಕೆ ಸೇರಿ, ತಲೆ ಬೆಳ್ಳಗಾಗುವವರೆಗೂ ಗುಂಡಿ ಮುಚ್ಚಿದರು. ರಿಟೈರಾದರೂ ತಿರುವಿನ ಗುಂಡಿ ಕಣ್ಣೊಳಗಿನ ಕಸದಂತೆ ಚುಚ್ಚುತ್ತಿತ್ತು. ಆಫೀಸಿಗೆ ಹೋಗಿ ಹೇಳಿ ಹೇಳಿ ಸಾಕಾಗಿ, ಕೊನೆಗೆ ತಾವೇ ಮುಚ್ಚುವುದಾಗಿ ಒಪ್ಪಿಗೆ ಪಡೆದು ಬಂದರು. ಜಲ್ಲಿ, ಮರಳು, ಒಂದು ಚೀಲ ಸಿಮೆಂಟು ಜಗಲಿಗೆ ಬಂದವು. ನಿಮಗ್ಯಾಕೆ ಊರ ಉಸಾಬರಿ ಎಂದು ಚಿನಕುರಳಿಯ ಅಪ್ಪ ಗೊಣಗಿದ.

ಆದರೆ ತಾತ ಒಬ್ಬರೇ ರಸ್ತೆಗಿಳಿಯುವವರಲ್ಲ. ಒಬ್ಬರು ಬಗ್ಗಿ ಕೆಲಸ ಮಾಡುವಾಗ ಇನ್ನೊಬ್ಬರು ಕೆಂಪು ಬಾವುಟ ಹಿಡಿದು ಕಾಯಬೇಕು. ಸೈನ್ಯದಲ್ಲಿ ಕಲಿತ ಆ ಕಾವಲಿನ ನಿಯಮವನ್ನು ಅವರು ರಸ್ತೆಯಲ್ಲೂ ಬಿಟ್ಟಿರಲಿಲ್ಲ.

“ಭಾನುವಾರ ಬಾವುಟ ಹಿಡೀತೀಯೇನಮ್ಮಾ?”

“ಪ್ರಾಮಿಸ್ ತಾತ,” ಎಂದು ಚಿನಕುರಳಿ ಅವರ ಒರಟು ಅಂಗೈ ಮೇಲೆ ಕೈಯಿಟ್ಟಳು.

ಭಾನುವಾರ ಬಾವುಟ ಹಿಡಿದು ಗೇಟು ದಾಟಿದ್ದಳಷ್ಟೆ. ಅವಳ ಕ್ಲಾಸಿನ ಹುಡುಗ ಸೈಕಲ್ ನಿಲ್ಲಿಸಿ ಹಲ್ಲುಕಿರಿದ.

“ಏನೇ, ಗುಂಡಿ ತಾತನ ಮೊಮ್ಮಗಳು ಟ್ರಾಫಿಕ್ ಪೊಲೀಸ್ ಆದ್ಲಾ?”

ಚಿನಕುರಳಿಯ ಕಿವಿ ಬಿಸಿಯಾಯಿತು. ಯಾವತ್ತೂ ಸಿಡಿಯುವ ಬಾಯಿ ಅಂದು ಠುಸ್ಸೆಂದಿತು. ಹೊಟ್ಟೆನೋವು ಎಂದು ಹೇಳಿ ಒಳಗೋಡಿದಳು.

ಮುಂದಿನ ವಾರ ಹೋಮ್‌ವರ್ಕ್ ನೆಪವಾಯಿತು. ಅದರ ಮುಂದಿನ ವಾರ ಗೆಳತಿಯ ಬರ್ತ್‌ಡೇ. ಪ್ರತಿ ಭಾನುವಾರವೂ ತಾತ ಹಳೇ ಬೂಟು ಹಾಕಿಕೊಂಡು ಜಗಲಿಯಲ್ಲಿ ಕೂರುತ್ತಿದ್ದರು. ಬಿಸಿಲೇರಿದ ಮೇಲೆ ಒಂದೊಂದೇ ಬೂಟು ಬಿಚ್ಚುತ್ತಿದ್ದರು. ಕಿಟಕಿಯಿಂದ ನೋಡುತ್ತಿದ್ದ ಚಿನಕುರಳಿ ಪರದೆ ಎಳೆದುಕೊಳ್ಳುತ್ತಿದ್ದಳು.

ನಾನೇ ಬಾವುಟ ಹಿಡೀತೀನಿ ಬನ್ನಿ ಎಂದು ಅಪ್ಪ ಕರೆದರೂ ತಾತ ಏಳಲಿಲ್ಲ.

“ಅವಳು ಮಾತು ಕೊಟ್ಟಿದಾಳೆ ಕಣೋ. ಬರ್ತಾಳೆ.”

ಒಂದು ಬೆಳಿಗ್ಗೆ ತಾತನಿಗೆ ಹಾಸಿಗೆಯಿಂದ ಏಳಲಾಗಲಿಲ್ಲ. ಆಸ್ಪತ್ರೆಯಿಂದ ಮರಳಿದಾಗ ಅವರ ಬಲಗೈ ಬಲಗಾಲು ಸ್ವಾಧೀನದಲ್ಲಿರಲಿಲ್ಲ. ಮಾತು ನಿಧಾನವಾಗಿತ್ತು. ಜಗಲಿಯ ಸಿಮೆಂಟು ಚೀಲವನ್ನು ಚಿನಕುರಳಿ ಬೆರಳಿನಿಂದ ಒತ್ತಿದಳು. ಅದು ಬಂಡೆಯಾಗಿತ್ತು.

“ತಾತ, ಈ ಭಾನುವಾರ ನಾನು ಬಾವುಟ ಹಿಡೀತೀನಿ,” ಎಂದಳು, ಮೆಲ್ಲಗೆ.

ತಾತ ತೊಡೆಯ ಮೇಲೆ ಬಿದ್ದಿದ್ದ ಬಲಗೈ ನೋಡಿಕೊಂಡರು. “ಹಿಡಿಯಮ್ಮಾ. ಮುಚ್ಚೋರು ಯಾರು?”

ಅವರ ದನಿಯಲ್ಲಿ ಚೂರೂ ಕೋಪವಿರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎನ್ನಿಸಿತು ಅವಳಿಗೆ. ಅಳುತ್ತಲೇ ಹೋಗಿ ಅಪ್ಪನಿಗೆ ಎಲ್ಲವನ್ನೂ ಹೇಳಿದಳು, ಹೊಟ್ಟೆನೋವು ಸುಳ್ಳೆಂಬುದನ್ನೂ. ಅಪ್ಪ ಹೊಸ ಸಿಮೆಂಟು ತರಲು ಹೊರಟ.

ಭಾನುವಾರ ತಾತನ ಕುರ್ಚಿ ರಸ್ತೆಯಂಚಿಗೆ ಬಂತು. ಅಪ್ಪ ಗುಂಡಿಯ ಮುಂದೆ ಬಗ್ಗಿದ. ಚಿನಕುರಳಿ ತಿರುವಿನಲ್ಲಿ ಬಾವುಟ ಎತ್ತಿ ನಿಂತಳು. ಸ್ಕೂಟರುಗಳು ನಿಂತವು. ವ್ಯಾನಿನವನು ಹಾರ್ನ್ ಹೊಡೆದ. ಯಾರೋ ನಕ್ಕರು. ಅವಳು ಕದಲಲಿಲ್ಲ.

ಅಪ್ಪ ಜಲ್ಲಿ ತುಂಬಿ, ಮೇಲೆ ಸಿಮೆಂಟು ಸುರಿದು ಕರಣೆ ಆಡಿಸತೊಡಗಿದ. ಚಿನಕುರಳಿ ಒಮ್ಮೆ ಹಿಂದಿರುಗಿ ನೋಡಿದಳು. ಕುರ್ಚಿಯಲ್ಲಿ ತಾತನ ಎಡಗೈ ಗಾಳಿಯಲ್ಲಿ ಅತ್ತಿತ್ತ ಸವರುತ್ತಿತ್ತು, ಅಪ್ಪನ ಕರಣೆಯ ಹಾಗೆಯೇ. ಆ ಕೈಗೆ ಈ ಕೆಲಸ ಎಷ್ಟು ಬೇಕಾಗಿತ್ತು ಎಂಬುದು ಅವಳಿಗೆ ಆಗ ತಿಳಿಯಿತು. ಓಡಿಹೋಗಿ ಅದನ್ನು ಹಿಡಿದುಕೊಳ್ಳಬೇಕು ಎನ್ನಿಸಿತು.

ಆದರೆ ಕಾವಲಿನವರು ಜಾಗ ಬಿಡುವಂತಿಲ್ಲ. ಅವಳು ರಸ್ತೆಯತ್ತ ತಿರುಗಿ ಬಾವುಟವನ್ನು ಇನ್ನಷ್ಟು ಎತ್ತಿದಳು.

ಅಪ್ಪ ಹಸಿ ಸಿಮೆಂಟಿನ ಸುತ್ತ ಕಲ್ಲು ಜೋಡಿಸಿ ಎದ್ದುನಿಂತ. ತಾತ ಗುಂಡಿಯಿದ್ದ ಜಾಗವನ್ನು ಅಂಚಿನಿಂದ ಅಂಚಿಗೆ ನೋಡಿದರು.

“ಆಯ್ತಮ್ಮಾ,” ಎಂದರು. “ಇನ್ನು ಇಳಿಸು.”

ಚಿನಕುರಳಿ ಬಾವುಟ ಇಳಿಸಿದಳು.